ಜರಡಿಯೂ ಒರೆಗಲ್ಲೂ

ದೀಪ ಹಚ್ಚುವ ಹೊತ್ತು. ಬೆಂಗಳೂರಿನ ಯಾವುದೋ ಒಂದು ಬಡಾವಣೆಯ ಮನೆಯನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ಮೈಸೂರಿನದಾದರೂ ಆದೀತು, ಹುಬ್ಬಳ್ಳಿಯದಾದರೂ ಆದೀತು. ಆ ಮನೆಯ ಸೊಸೆಗೆ ಇಪ್ಪತ್ತೆಂಟು ವರ್ಷ. ಚೊಚ್ಚಲ ಬಸುರಿ, ಹನ್ನೆರಡನೆಯ ವಾರ ನಡೆಯುತ್ತಿದೆ. ಹತ್ತು ದಿನಗಳ ಹಿಂದೆ ಆಕೆಯ ತೋಳಿನಿಂದ ತೆಗೆದ ಸ್ವಲ್ಪ ರಕ್ತ ಪರೀಕ್ಷೆಗೆ ಹೋಗಿತ್ತು. ಇಂದು ಅದರ ವರದಿ ಬಂದಿದೆ. ಅನೇಕ ಸಾಲುಗಳ ಎದುರಿಗೆ 'ಅಪಾಯ ಕಡಿಮೆ' ಎಂದಿದೆ. ಕೊನೆಯ ಒಂದು ಸಾಲಿನ ಎದುರಿಗೆ ಮಾತ್ರ ಕೆಂಪಕ್ಷರಗಳಲ್ಲಿ 'ಅಪಾಯ ಹೆಚ್ಚು' ಎಂದಿದೆ. ಗರ್ಭದಲ್ಲಿರುವ ಶಿಶುವಿನ ಐದನೆಯ ವರ್ಣತಂತುವಿನಲ್ಲಿ ಒಂದು ತುಣುಕು ಇಲ್ಲವೆಂಬ ಶಂಕೆ. ಆ ರೋಗದ ಹೆಸರನ್ನು ಮನೆಯಲ್ಲಿ ಯಾರೂ ಹಿಂದೆ ಕೇಳಿದವರಲ್ಲ.

ಮನೆಯಲ್ಲಿ ಮಾತು ನಿಂತುಹೋಗುತ್ತದೆ. ಹೂ ಕಟ್ಟುತ್ತಿದ್ದ ಅತ್ತೆಯ ಕೈ ಮಡಿಲಲ್ಲಿ ಹಾಗೆಯೇ ಉಳಿಯುತ್ತದೆ. ಸೋದರಸಂಬಂಧದಲ್ಲಿ ಮದುವೆ ಮಾಡಿದ್ದೇ ತಪ್ಪಾಯಿತೇನೋ ಎಂದು ಹಿರಿಯರೊಬ್ಬರು ಗೊಣಗುತ್ತಾರೆ. ಮತ್ತೊಬ್ಬರಿಗೆ ಹಿಂದಿನ ಗ್ರಹಣದ ನೆನಪು. ಗಂಡ ಓದಿದವನು, ಲೆಕ್ಕ ಬಲ್ಲವನು. ಪರೀಕ್ಷೆಯ ಪ್ರಕಟಣೆಯಲ್ಲಿ 'ಶೇಕಡ 99.9 ನಿಖರ' ಎಂದು ಅಚ್ಚಾದುದು ಅವನ ಕಣ್ಣಿಗೆ ಬೀಳುತ್ತದೆ. ಅಂದಮೇಲೆ ಸಂಶಯಕ್ಕೆ ಎಡೆಯೆಲ್ಲಿ? ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತು ಪಾಲು ಮಗುವಿಗೆ ಆ ದೋಷವಿದ್ದೇ ಇದೆ ಎಂದು ಆತ ತೀರ್ಮಾನಿಸಿಬಿಡುತ್ತಾನೆ. ಆ ರಾತ್ರಿ ಆ ಮನೆಯಲ್ಲಿ ಯಾರ ಊಟವೂ ಊಟವಲ್ಲ.

ಆತನ ಲೆಕ್ಕ ತಪ್ಪು. ಅದು ಅಲ್ಪಸ್ವಲ್ಪದ ತಪ್ಪಲ್ಲ; ತಲೆಕೆಳಗಾದ ತಪ್ಪು. ಇಂಥ ತಪ್ಪು ಲೆಕ್ಕದ ಆಧಾರದ ಮೇಲೆ ಬಸಿರನ್ನೇ ಕಳೆದುಕೊಂಡವರು ಪ್ರಪಂಚದಲ್ಲಿ ಇದ್ದಾರೆ. ಆದಕಾರಣ ಈ ವಿಷಯವನ್ನು ಮೊದಲಿನಿಂದ ತಿಳಿಯುವುದು ಮನೆಯಲ್ಲಿ ಬಸುರಿಯಿರುವ ಎಲ್ಲರಿಗೂ ಅವಶ್ಯ.

ನಲವತ್ತೆಂಟೋ, ನಲವತ್ತಾರೋ?

ಮಾನವ ಶರೀರದ ಬಹುತೇಕ ಎಲ್ಲ ಜೀವಕೋಶಗಳ ಕೇಂದ್ರದಲ್ಲಿಯೂ ನೂಲಿನ ತುಂಡುಗಳಂಥ ಕೆಲವು ವಸ್ತುಗಳುಂಟು. ಬಣ್ಣವನ್ನು ಹೀರಿ ಸೂಕ್ಷ್ಮದರ್ಶಕದ ಕೆಳಗೆ ಎದ್ದು ಕಾಣುವುದರಿಂದ ಅವಕ್ಕೆ ವರ್ಣತಂತುಗಳೆಂದು ಹೆಸರು. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬಂದು ಅವು ಜೋಡಿ ಜೋಡಿಯಾಗಿರುತ್ತವೆ. ದೇಹವನ್ನು ಕಟ್ಟುವ ಆದೇಶಗಳೆಲ್ಲ ಅಡಗಿರುವುದು ಅವುಗಳಲ್ಲಿಯೇ.

ಅವುಗಳ ಸಂಖ್ಯೆ ಎಷ್ಟು? ಇಷ್ಟು ಸರಳವಾದ ಪ್ರಶ್ನೆಗೂ ಬಹುಕಾಲ ತಪ್ಪು ಉತ್ತರವೇ ಚಲಾವಣೆಯಲ್ಲಿತ್ತು. 1923ರಲ್ಲಿ ಅಮೆರಿಕದ ಥಿಯೋಫಿಲಸ್ ಪೇಂಟರ್ ಎಂಬ ವಿಜ್ಞಾನಿ ನಲವತ್ತಾರೋ ನಲವತ್ತೆಂಟೋ ಎಂದು ಅನುಮಾನಿಸಿ ಕೊನೆಗೆ ನಲವತ್ತೆಂಟು ಎಂದು ನಿಶ್ಚಯಿಸಿದರು. ಪಠ್ಯಪುಸ್ತಕಗಳು ಅದನ್ನೇ ಅಚ್ಚು ಹಾಕಿದವು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ವಿದ್ಯಾರ್ಥಿಗಳು ಅದನ್ನೇ ಬಾಯಿಪಾಠ ಮಾಡಿದರು. 1955ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ, ಆಲ್ಬರ್ಟ್ ಲೆವಾನ್ ಅವರ ಪ್ರಯೋಗಶಾಲೆಯಲ್ಲಿ, ಜಾವಾ ದ್ವೀಪದಲ್ಲಿ ಹುಟ್ಟಿದ ಜೋ ಹಿನ್ ಟ್ಜಿಯೋ ಎಂಬವರು ಒಂದೊಂದು ತಂತುವೂ ಬೇರೆಬೇರೆಯಾಗಿ ಕಾಣುವಂತೆ ಜೀವಕೋಶಗಳನ್ನು ಉಬ್ಬಿಸಿ, ಒತ್ತಿ, ಹರಡಿ ನೋಡಿದರು. ಎಷ್ಟು ಬಾರಿ ಎಣಿಸಿದರೂ ನಲವತ್ತಾರೇ. 1956ರಲ್ಲಿ ಅದು ಪ್ರಕಟವಾಯಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಗೆ ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ವಿರಳ. ಮುಂದೆ ಬರುವ ಕಥೆಗೂ ಆ ಗಾದೆಯೇ ಆಧಾರ.

ಸರಿಯಾದ ಸಂಖ್ಯೆ ತಿಳಿದೊಡನೆ ತಪ್ಪಿದ ಸಂಖ್ಯೆಯನ್ನು ಗುರುತಿಸುವುದು ಸಾಧ್ಯವಾಯಿತು. 1866ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ವರ್ಣಿಸಿದ್ದ ಮಂದಬುದ್ಧಿಯ ಮಕ್ಕಳ ಒಂದು ವರ್ಗಕ್ಕೆ ಕಾರಣವೇನೆಂದು ತೊಂಬತ್ತು ವರ್ಷ ಯಾರಿಗೂ ತಿಳಿದಿರಲಿಲ್ಲ. 1959ರಲ್ಲಿ ಪ್ಯಾರಿಸ್ಸಿನ ಜೆರೋಮ್ ಲೆಜೂನ್, ಮಾರ್ಥ್ ಗೋಟಿಯೆ, ರೇಮೊಂ ಟುರ್ಪಾಂ ಈ ಮೂವರು, ಅಂಥ ಮಕ್ಕಳ ಜೀವಕೋಶದಲ್ಲಿ ನಲವತ್ತೇಳು ವರ್ಣತಂತುಗಳಿವೆ, ಇಪ್ಪತ್ತೊಂದನೆಯದರಲ್ಲಿ ಎರಡರ ಬದಲು ಮೂರು ಪ್ರತಿಗಳಿವೆ ಎಂದು ತೋರಿಸಿದರು. 1960ರಲ್ಲಿ ಹದಿಮೂರನೆಯದರ ಮತ್ತು ಹದಿನೆಂಟನೆಯದರ ಹೆಚ್ಚುವರಿ ಪ್ರತಿಗಳು ತಿಳಿದುಬಂದವು. 1963ರಲ್ಲಿ ಲೆಜೂನ್ ಮತ್ತು ಅವರ ಸಹೋದ್ಯೋಗಿಗಳು ಇನ್ನೊಂದು ಬಗೆಯ ದೋಷವನ್ನು ಕಂಡರು. ಇಲ್ಲಿ ಸಂಖ್ಯೆ ನಲವತ್ತಾರೇ; ಆದರೆ ಐದನೆಯ ವರ್ಣತಂತುವಿನ ಗಿಡ್ಡ ತೋಳಿನ ಒಂದು ತುಣುಕು ಮುರಿದುಹೋಗಿರುತ್ತದೆ. ಅಂಥ ಶಿಶುಗಳ ಅಳು ಬೆಕ್ಕಿನ ಮರಿಯ ಕೂಗಿನಂತೆ ಕೇಳಿಸುವುದರಿಂದ ಫ್ರೆಂಚ್ ಭಾಷೆಯಲ್ಲಿ ಅದಕ್ಕೆ 'ಕ್ರಿ ದ್ಯು ಶಾ', ಎಂದರೆ ಬೆಕ್ಕಿನ ಕೂಗು, ಎಂಬ ಹೆಸರು ಬಂದಿತು. ತಲೆ ಚಿಕ್ಕದು, ಬೆಳವಣಿಗೆ ನಿಧಾನ, ಬುದ್ಧಿಯೂ ಮಾತೂ ಹಿಂದುಳಿಯುವುದು ಇದರ ಲಕ್ಷಣಗಳು. ಇಪ್ಪತ್ತು ಸಾವಿರದಿಂದ ಐವತ್ತು ಸಾವಿರ ಜನನಗಳಲ್ಲಿ ಒಂದರಲ್ಲಿ ಮಾತ್ರ ಇದು ಕಾಣುತ್ತದೆ. ಮೇಲೆ ಹೇಳಿದ ಮನೆಗೆ ಬಂದ ವರದಿಯಲ್ಲಿದ್ದುದು ಇದೇ ಹೆಸರು.

ತಪ್ಪು ಯಾರದು?

ಇಂಥ ಸುದ್ದಿ ಬಂದಾಗ ಮನೆಯವರು ಮೊದಲು ಹುಡುಕುವುದು ಅಪರಾಧಿಯನ್ನು. ಅನೇಕ ವೇಳೆ ಆ ಅಪವಾದ ಬೀಳುವುದು ಬಸುರಿಯ ತಲೆಯ ಮೇಲೆ. ಆದ್ದರಿಂದ ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಹೆಚ್ಚುವರಿ ಪ್ರತಿಯ ದೋಷ ಬಹುಮಟ್ಟಿಗೆ ಅಂಡವು ಇಬ್ಭಾಗವಾಗುವಾಗ ಆಗುವ ಎಡವಟ್ಟು. ಹೆಣ್ಣಿನ ಅಂಡಗಳು ಆಕೆ ತನ್ನ ತಾಯಿಯ ಗರ್ಭದಲ್ಲಿರುವಾಗಲೇ ರೂಪುಗೊಂಡು, ಇಬ್ಭಾಗವಾಗುವ ಕ್ರಿಯೆಯನ್ನು ಆರಂಭಿಸಿ, ನಡುವೆಯೇ ತಡೆದು ನಿಲ್ಲುತ್ತವೆ. ಮುಂದೆ ಪ್ರತಿ ತಿಂಗಳೂ ಅವುಗಳಲ್ಲೊಂದು ಎಚ್ಚೆತ್ತು ಆ ಕ್ರಿಯೆಯನ್ನು ಮುಂದುವರಿಸುತ್ತದೆ. ನಲವತ್ತರ ಹೆಂಗಸಿನ ಅಂಡ ಹಾಗೆ ಕಾದು ಕುಳಿತು ನಲವತ್ತು ವರ್ಷ ಕಳೆದಿರುತ್ತದೆ. ತಾಯಿಯ ವಯಸ್ಸು ಏರಿದಂತೆ ಡೌನ್ ಲಕ್ಷಣದ ಸಂಭವ ಏರುವುದಕ್ಕೆ ಇದೇ ಮುಖ್ಯ ಕಾರಣ. ಇಪ್ಪತ್ತೈದರಲ್ಲಿ ಸುಮಾರು 1,250 ಜನನಗಳಿಗೆ ಒಂದಾಗಿರುವುದು ನಲವತ್ತರಲ್ಲಿ ಸುಮಾರು ನೂರಕ್ಕೆ ಒಂದಾಗುತ್ತದೆ.

ತುಣುಕು ಕಳೆದುಹೋಗುವ ದೋಷ ಬೇರೆ ಜಾತಿಯದು. ಅದು ತಾಯಿಯ ವಯಸ್ಸನ್ನು ಅವಲಂಬಿಸಿದುದಲ್ಲ. ಬಹುಪಾಲು ತಂದೆಯ ವೀರ್ಯಾಣುವಿನಲ್ಲೋ ತಾಯಿಯ ಅಂಡದಲ್ಲೋ ಹೊಸದಾಗಿ ಸಂಭವಿಸಿದುದು. ಕೆಲವು ಕುಟುಂಬಗಳಲ್ಲಿ ಮಾತ್ರ ತಂದೆ ಅಥವಾ ತಾಯಿಯ ವರ್ಣತಂತುಗಳ ತುಣುಕುಗಳು ಪರಸ್ಪರ ಸ್ಥಾನ ಬದಲಿಸಿಕೊಂಡು, ಅವರಿಗೆ ಯಾವ ತೊಂದರೆಯನ್ನೂ ಕೊಡದೆ, ಮಕ್ಕಳಿಗೆ ಇಳಿಯುವಾಗ ಕೊರತೆಯಾಗಿ ಪರಿಣಮಿಸುವುದುಂಟು.

ನಮ್ಮಲ್ಲಿ ವಾಡಿಕೆಯಲ್ಲಿರುವ ಸೋದರಮಾವ, ಅತ್ತೆಯ ಮಗ ಮೊದಲಾದ ಸಂಬಂಧಗಳಿಂದ ಕೆಲವು ಅನುವಂಶಿಕ ರೋಗಗಳು ಹೆಚ್ಚುವುದು ನಿಜ. ಆದರೆ ಅವು ತಂದೆತಾಯಿಗಳಿಬ್ಬರಲ್ಲಿಯೂ ಅಡಗಿರುವ ಒಂದೇ ಬಗೆಯ ವಂಶವಾಹಿಯ ದೋಷಗಳು. ವರ್ಣತಂತುವಿನ ಸಂಖ್ಯೆ ತಪ್ಪುವುದಕ್ಕೂ ತುಣುಕು ಮುರಿಯುವುದಕ್ಕೂ ಆ ಮದುವೆ ಕಾರಣವಲ್ಲ. ಗ್ರಹಣವಂತೂ ಕಾರಣವಲ್ಲವೆಂದು ಬೇರೆ ಹೇಳಬೇಕೆ? ಬಸುರಿ ತಿಂದದ್ದು, ನಡೆದದ್ದು, ದುಡಿದದ್ದು, ಯಾವುದೂ ಕಾರಣವಲ್ಲ.

ಸೂಜಿಯ ದಾರಿ

ಹುಟ್ಟುವ ಮೊದಲೇ ಶಿಶುವಿನ ವರ್ಣತಂತುಗಳನ್ನು ನೋಡುವ ಬಗೆ ಹೇಗೆ? ಗರ್ಭದಲ್ಲಿ ಶಿಶು ತೇಲುವ ನೀರಿನಲ್ಲಿ ಅದರ ಮೈಯಿಂದ ಉದುರಿದ ಜೀವಕೋಶಗಳಿರುತ್ತವೆ. 1966ರಲ್ಲಿ ಅಮೆರಿಕದ ಸ್ಟೀಲ್ ಮತ್ತು ಬ್ರೆಗ್ ಆ ಕೋಶಗಳನ್ನು ಹೊರಗೆ ಬೆಳೆಸಿ ವರ್ಣತಂತುಗಳನ್ನು ಎಣಿಸಬಹುದೆಂದು ತೋರಿಸಿದರು. 1968ರಲ್ಲಿ ನ್ಯೂಯಾರ್ಕಿನ ಕಾರ್ಲೋ ವಾಲೆಂಟಿ ಗರ್ಭಸ್ಥ ಶಿಶುವಿನಲ್ಲಿ ಡೌನ್ ಲಕ್ಷಣವನ್ನು ಗುರುತಿಸಿದರು. ಅಂದಿನಿಂದ ಗರ್ಭಜಲ ಪರೀಕ್ಷೆ ವೈದ್ಯರ ಬಳಕೆಗೆ ಬಂದಿತು.

ಈಗ ಅದನ್ನು ಹದಿನೈದನೆಯ ವಾರ ತುಂಬಿದ ಮೇಲೆ ಮಾಡುತ್ತಾರೆ. ಅಲ್ಟ್ರಾಸೌಂಡ್ ಯಂತ್ರದಲ್ಲಿ ಶಿಶುವನ್ನೂ ಸೂಜಿಯ ಮೊನೆಯನ್ನೂ ಒಟ್ಟಿಗೆ ನೋಡುತ್ತ, ಹೊಟ್ಟೆಯ ಮೂಲಕ ಸಣ್ಣ ಸೂಜಿಯನ್ನು ಇಳಿಸಿ ಸುಮಾರು 20 ಮಿಲಿಲೀಟರ್, ಎಂದರೆ ನಾಲ್ಕು ಚಹಾ ಚಮಚೆಯಷ್ಟು, ನೀರನ್ನು ತೆಗೆಯುತ್ತಾರೆ. ಕೋಶಗಳನ್ನು ಬೆಳೆಸಿ ಎಣಿಸಲು ಸುಮಾರು ಎರಡು ವಾರ ಬೇಕು. ಹನ್ನೊಂದರಿಂದ ಹದಿಮೂರನೆಯ ವಾರದೊಳಗೆ ಮಾಡುವ ಇನ್ನೊಂದು ಪರೀಕ್ಷೆಯಲ್ಲಿ ಮಾಸಿನ ಒಂದು ಚೂರನ್ನು ತೆಗೆಯುತ್ತಾರೆ. ಇವೆರಡರಲ್ಲಿಯೂ ಗರ್ಭಸ್ರಾವದ ಅಪಾಯ ಸ್ವಲ್ಪ ಉಂಟು. ಪರಿಣತರ ಕೈಯಲ್ಲಿ ಅದು ಇಂದು ನೂರಕ್ಕೆ ಒಂದಕ್ಕಿಂತ ಕಡಿಮೆ. ಕಡಿಮೆಯಾದರೇನು, ಇಲ್ಲವೆಂದಲ್ಲ. ಎಲ್ಲ ಬಸುರಿಯರಿಗೂ ಸೂಜಿ ಹಾಕುವುದು ಸರಿಯಲ್ಲ. ಯಾರಿಗೆ ಹಾಕಬೇಕೆಂದು ಮೊದಲು ಆರಿಸಬೇಕು.

ಅಲ್ಲಿಯೇ ಜರಡಿಯ ಕೆಲಸ. ಅಕ್ಕಿಯನ್ನು ಜರಡಿಯಾಡಿದಾಗ ಮೇಲೆ ಉಳಿದುದೆಲ್ಲ ಕಲ್ಲಲ್ಲ; ಕಲ್ಲಿರಬಹುದಾದುದು ಮಾತ್ರ. ಅದನ್ನು ಅಂಗೈಗೆ ಸುರಿದುಕೊಂಡು ಮತ್ತೆ ಕಣ್ಣಿಟ್ಟು ನೋಡಬೇಕು. ತಾಯಿಯ ವಯಸ್ಸು, ರಕ್ತದ ಕೆಲವು ವಸ್ತುಗಳ ಪ್ರಮಾಣ, ಹನ್ನೊಂದರಿಂದ ಹದಿನಾಲ್ಕನೆಯ ವಾರದೊಳಗೆ ಸ್ಕ್ಯಾನಿನಲ್ಲಿ ಅಳೆಯುವ ಶಿಶುವಿನ ಕತ್ತಿನ ಹಿಂಭಾಗದ ನೀರಿನ ದಪ್ಪ, ಇವೆಲ್ಲ ಜರಡಿಗಳು. ಚಿನ್ನ ಹೌದೋ ಅಲ್ಲವೋ ಎಂದು ಹೇಳುವ ಒರೆಗಲ್ಲು ಬೇರೆ. ಅದು ಸೂಜಿಯ ಪರೀಕ್ಷೆ. ಈ ಭೇದವನ್ನು ಮರೆತಲ್ಲಿಯೇ ಅನಾಹುತದ ಆರಂಭ.

ರಕ್ತದಲ್ಲಿ ತೇಲುವ ಸುಳಿವು

1997ರಲ್ಲಿ ಹಾಂಗ್‌ಕಾಂಗಿನ ಡೆನ್ನಿಸ್ ಲೋ ಎಂಬ ವೈದ್ಯರು ತಮ್ಮ ಸಂಗಡಿಗರೊಡನೆ ಒಂದು ಅಪೂರ್ವ ಸಂಗತಿಯನ್ನು ಪ್ರಕಟಿಸಿದರು. ಕ್ಯಾನ್ಸರ್ ಗೆಡ್ಡೆ ತನ್ನ ಡಿ.ಎನ್.ಎ. ಚೂರುಗಳನ್ನು ರೋಗಿಯ ರಕ್ತದ್ರವಕ್ಕೆ ಬಿಡುತ್ತದೆಂಬ ವರದಿಗಳು ಹಿಂದಿನ ವರ್ಷ ಬಂದಿದ್ದವು. ತಾಯಿಯ ಒಡಲಲ್ಲಿ ಬೆಳೆಯುವ ಶಿಶುವೂ ಹಾಗೆಯೇ ಬಿಡಬಾರದೇಕೆ ಎಂದು ಅವರು ಯೋಚಿಸಿದರು. ಪುರುಷ ಲಕ್ಷಣದ ವೈ ವರ್ಣತಂತುವಿನ ಚೂರುಗಳು ಹೆಣ್ಣಿನ ರಕ್ತದಲ್ಲಿ ಸ್ವತಃ ಇರುವಂತಿಲ್ಲ. ಆದರೆ ಗಂಡುಮಗುವನ್ನು ಹೊತ್ತ ತಾಯಂದಿರ ರಕ್ತದ್ರವದಲ್ಲಿ ಅವು ಇದ್ದವು! ಎಲ್ಲಿಂದ ಬಂದವು? ಗರ್ಭದಿಂದಲೇ ಬಂದಿರಬೇಕು.

2011ರ ಹೊತ್ತಿಗೆ ಈ ತತ್ತ್ವದ ಮೇಲೆ ರಚಿಸಿದ ಪರೀಕ್ಷೆ ವ್ಯಾಪಾರಕ್ಕೆ ಬಂದಿತು. ಹತ್ತನೆಯ ವಾರದಿಂದಲೇ ಮಾಡಬಹುದು. ಸೂಜಿ ಗರ್ಭವನ್ನು ಮುಟ್ಟುವುದಿಲ್ಲ. ತಾಯಿಯ ರಕ್ತದ್ರವದಲ್ಲಿ ತೇಲುವ ಚೂರುಗಳಲ್ಲಿ ಸುಮಾರು ಹತ್ತನೆಯ ಒಂದು ಪಾಲು ಗರ್ಭದ ಕಡೆಯವು. ಕೋಟ್ಯಂತರ ಚೂರುಗಳನ್ನು ಯಂತ್ರ ಓದುತ್ತದೆ. ಇಪ್ಪತ್ತೊಂದನೆಯ ವರ್ಣತಂತುವಿನ ಚೂರುಗಳು ನಿರೀಕ್ಷಿಸಿದುದಕ್ಕಿಂತ ಹೆಚ್ಚಿದ್ದರೆ ಡೌನ್ ಲಕ್ಷಣದ ಶಂಕೆ ಏಳುತ್ತದೆ. ಡೌನ್ ಲಕ್ಷಣದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಜರಡಿ ಹಿಂದೆ ಇರಲಿಲ್ಲ. ಇದರಿಂದ ಎಷ್ಟೋ ಬಸುರಿಯರು ಅನವಶ್ಯಕವಾದ ಸೂಜಿಯಿಂದ ಪಾರಾಗಿದ್ದಾರೆ.

ಆದರೆ ವ್ಯಾಪಾರಕ್ಕೆ ಮಿತಿಯುಂಟೆ? ಕೆಲವೇ ವರ್ಷಗಳಲ್ಲಿ ಪರೀಕ್ಷೆಯ ಪಟ್ಟಿ ಬೆಳೆಯಿತು. ಇಪ್ಪತ್ತೆರಡನೆಯ ವರ್ಣತಂತುವಿನ ಒಂದು ಕಿರುತುಣುಕಿನ ಕೊರತೆ, ಒಂದನೆಯದರ ತುದಿಯ ಕೊರತೆ, ನಾಲ್ಕನೆಯದರ, ಐದನೆಯದರ, ಹದಿನೈದನೆಯದರ ಕೊರತೆ ಹೀಗೆ ಒಂದಕ್ಕಿಂತ ಒಂದು ಅಪರೂಪದ ದೋಷಗಳು ಸೇರಿದವು. ಪಟ್ಟಿ ಉದ್ದವಾದಷ್ಟೂ ಕೊಳ್ಳುವವರಿಗೆ ಭರವಸೆ ಹೆಚ್ಚು ಎಂಬ ಭ್ರಾಂತಿಯೂ ಬೆಳೆಯಿತು.

ಇಪ್ಪತ್ತು ಸಾವಿರ ಬಸುರಿಯರ ಲೆಕ್ಕ

ಈಗ ಆ ಮನೆಯ ಗಂಡನ ಲೆಕ್ಕವನ್ನು ತಿದ್ದುವ ಸಮಯ. ಯಾವುದೇ ನಿರ್ದಿಷ್ಟ ಪರೀಕ್ಷೆಯ ಅಂಕಿಗಳಲ್ಲ, ತಿಳಿವಳಿಕೆಗಾಗಿ ಹಾಕಿದ ಲೆಕ್ಕ ಇದು. ಇಪ್ಪತ್ತು ಸಾವಿರ ಬಸುರಿಯರು ಪರೀಕ್ಷೆಗೆ ಬಂದರೆನ್ನೋಣ. ದೋಷವಿರುವ ಒಂದು ಶಿಶುವನ್ನೂ ಪರೀಕ್ಷೆ ತಪ್ಪಿಸುವುದಿಲ್ಲ. ದೋಷವಿಲ್ಲದ ಸಾವಿರ ಜನರಲ್ಲಿ 999 ಮಂದಿಗೆ ಸರಿಯಾಗಿ 'ಅಪಾಯ ಕಡಿಮೆ' ಎನ್ನುತ್ತದೆ, ಒಬ್ಬರಿಗೆ ಮಾತ್ರ ತಪ್ಪಾಗಿ 'ಅಪಾಯ ಹೆಚ್ಚು' ಎನ್ನುತ್ತದೆ. ಇಷ್ಟು ನಿಖರವಾದ ಪರೀಕ್ಷೆ ಯಾರಿಗೆ ಬೇಡ?

ಮೊದಲು, ಆ ಇಪ್ಪತ್ತು ಸಾವಿರ ಮಂದಿಯೂ ನಲವತ್ತು ವರ್ಷದವರು, ಹುಡುಕುವುದು ಡೌನ್ ಲಕ್ಷಣವನ್ನು ಎಂದಿಟ್ಟುಕೊಳ್ಳಿ. ನೂರಕ್ಕೆ ಒಂದರಂತೆ 200 ಶಿಶುಗಳಲ್ಲಿ ದೋಷವಿರುತ್ತದೆ, ಎಲ್ಲವೂ ಸಿಕ್ಕುತ್ತವೆ. ಉಳಿದ 19,800ರಲ್ಲಿ ಸಾವಿರಕ್ಕೆ ಒಂದರಂತೆ ಸುಮಾರು 20 ಮಂದಿಗೆ ಸುಳ್ಳು ಎಚ್ಚರಿಕೆ. ಒಟ್ಟು 220 ಕೆಂಪಕ್ಷರದ ವರದಿಗಳಲ್ಲಿ 200 ನಿಜ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು.

ಅವರೆಲ್ಲರೂ ಇಪ್ಪತ್ತೈದು ವರ್ಷದವರಾಗಿದ್ದರೆ? ದೋಷವಿರುವ ಶಿಶುಗಳು 16. ಸುಳ್ಳು ಎಚ್ಚರಿಕೆ ಮೊದಲಿನಂತೆಯೇ 20. ಈಗ ಕೆಂಪಕ್ಷರದ ವರದಿಗಳಲ್ಲಿ ಅರ್ಧಕ್ಕಿಂತ ಕಡಿಮೆ ನಿಜ.

ಇನ್ನು ಇಪ್ಪತ್ತು ಸಾವಿರಕ್ಕೆ ಒಂದಾದ ಆ ಬೆಕ್ಕಿನ ಕೂಗಿನ ದೋಷ. ದೋಷವಿರುವ ಶಿಶು ಒಂದೇ ಒಂದು. ಸುಳ್ಳು ಎಚ್ಚರಿಕೆ ಆಗಲೂ 20. ಕೆಂಪಕ್ಷರದ ವರದಿ ಇಪ್ಪತ್ತೊಂದು ಮನೆಗಳಿಗೆ ಹೋಗುತ್ತದೆ. ಅವುಗಳಲ್ಲಿ ಇಪ್ಪತ್ತು ಮನೆಗಳ ಶಿಶುವಿನಲ್ಲಿ ಆ ದೋಷವಿರುವುದಿಲ್ಲ. ಐವತ್ತು ಸಾವಿರಕ್ಕೆ ಒಂದೆಂದು ಹಿಡಿದರೆ ಐವತ್ತು ಮನೆಗಳಲ್ಲಿ ಹುಸಿ ದುಃಖ, ಒಂದರಲ್ಲಿ ಮಾತ್ರ ನಿಜ.

ಪರೀಕ್ಷೆ ಬದಲಾಗಲಿಲ್ಲ, ಅದರ ನಿಖರತೆಯೂ ಬದಲಾಗಲಿಲ್ಲ. ಬದಲಾದುದು ಹುಡುಕುವ ವಸ್ತುವಿನ ವಿರಳತೆ ಮಾತ್ರ. '99.9' ಎಂಬುದು ದೋಷವಿಲ್ಲದ ಸಾವಿರಾರು ಮಂದಿಗೆ ಕೊಟ್ಟ ಭರವಸೆ; ಕೆಂಪಕ್ಷರದ ವರದಿಯನ್ನು ಕೈಯಲ್ಲಿ ಹಿಡಿದವಳಿಗೆ ಸಂಬಂಧಿಸಿದ ಸಂಖ್ಯೆ ಅದಲ್ಲ. ದೋಷ ಅಪರೂಪವಾದಷ್ಟೂ ವರದಿಯ ಬೆಲೆ ಕಡಿಮೆ. ಹಾಗೆಂದು ಅದನ್ನು ಹರಿದೆಸೆಯುವಂತೆಯೂ ಇಲ್ಲ: ಇಪ್ಪತ್ತು ಸಾವಿರಕ್ಕೆ ಒಂದಾಗಿದ್ದ ಶಂಕೆ ಈಗ ಇಪ್ಪತ್ತೊಂದಕ್ಕೆ ಒಂದಾಗಿದೆ. ಒರೆಗಲ್ಲಿಗೆ ಹಚ್ಚಿ ನೋಡಲು ಅಷ್ಟು ಕಾರಣ ಸಾಕು. ತೀರ್ಪು ಕೊಡಲು ಸಾಲದು.

ಆ ಸುಳಿವು ಯಾರದು?

ಈ ರಕ್ತಪರೀಕ್ಷೆ ಎಡವುವುದಕ್ಕೆ ಇನ್ನೂ ಒಂದು ಕಾರಣವುಂಟು. ಗರ್ಭದ ಕಡೆಯಿಂದ ಬಂದ ಚೂರುಗಳೆಂದು ಹೇಳಿದೆಯಷ್ಟೆ. ಅವು ಬಹುತೇಕ ಶಿಶುವಿನ ಮೈಯಿಂದ ಬಂದವಲ್ಲ, ಮಾಸಿನಿಂದ ಬಂದವು. ಮಾಸೂ ಶಿಶುವೂ ಒಂದೇ ಅಂಕುರದಿಂದ ಹುಟ್ಟಿದರೂ ಎರಡರ ವರ್ಣತಂತುಗಳು ಯಾವಾಗಲೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಮಾಸಿಗೆ ಮಾತ್ರ ಸೀಮಿತವಾದ ಇಂಥ ವ್ಯತ್ಯಾಸವನ್ನು 1983ರಲ್ಲಿ ಕೆನಡಾದ ಕಲೌಸೆಕ್ ಮತ್ತು ಡಿಲ್ ವಿವರಿಸಿದರು. ಮಾಸಿನ ಚೂರನ್ನು ಪರೀಕ್ಷಿಸಿದ ಬಸಿರುಗಳಲ್ಲಿ ನೂರಕ್ಕೆ ಒಂದೆರಡರಲ್ಲಿ ಅದು ಕಾಣುತ್ತದೆ. ಅಂಥಲ್ಲಿ ಮಾಸು ತಪ್ಪಿದ್ದರೂ ಮಗು ನೆಟ್ಟಗಿರುತ್ತದೆ.

ಉಳಿದ ಒಂಬತ್ತು ಪಾಲು ಚೂರುಗಳು ತಾಯಿಯವು. ತಾಯಿಯ ವರ್ಣತಂತುವಿನಲ್ಲಿಯೇ ಏನಾದರೂ ಸಣ್ಣ ವ್ಯತ್ಯಾಸವಿದ್ದರೆ ಯಂತ್ರ ಅದನ್ನು ಮಗುವಿನದೆಂದು ಭ್ರಮಿಸಬಹುದು. ಕ್ವಚಿತ್ತಾಗಿ ತಾಯಿಯ ಮೈಯಲ್ಲಿ ಯಾರಿಗೂ ತಿಳಿಯದೆ ಬೆಳೆಯುತ್ತಿರುವ ಕ್ಯಾನ್ಸರಿನ ಚೂರುಗಳೂ ಹೀಗೆ ಸಿಕ್ಕಿಬಿದ್ದದ್ದುಂಟು. 2024ರ ಡಿಸೆಂಬರಿನಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಅರ್ಥವಾಗದ ಫಲಿತಾಂಶ ಬಂದ 107 ಹೆಂಗಸರನ್ನು ಪೂರ್ಣವಾಗಿ ತಪಾಸಣೆ ಮಾಡಿದಾಗ 52 ಮಂದಿಯಲ್ಲಿ ಕ್ಯಾನ್ಸರ್ ಕಂಡುಬಂದಿತು. ಒಂದೇ ರಕ್ತದಲ್ಲಿ ಹಲವರ ಸುಳಿವು ಬೆರೆತಿರುತ್ತದೆ. ಯಾರದೆಂದು ನಿಶ್ಚಯಿಸುವುದು ರಕ್ತದ ಕೆಲಸವಲ್ಲ.

2022ರ ಜನವರಿಯಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ, ಅಪರೂಪದ ಐದು ತುಣುಕು ಕೊರತೆಗಳ ಪರೀಕ್ಷೆಗಳನ್ನು ಪರಿಶೀಲಿಸಿ, 'ದೋಷವಿದೆ' ಎಂದ ವರದಿಗಳಲ್ಲಿ ನೂರಕ್ಕೆ ಸುಮಾರು 85 ತಪ್ಪೆಂದು ಬರೆಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಚ್ಚರಿಕೆ ಹೊರಡಿಸಿತು: ಇವು ಜರಡಿಯ ಪರೀಕ್ಷೆಗಳು, ನಿರ್ಣಯದ ಪರೀಕ್ಷೆಗಳಲ್ಲ, ದೃಢಪಡಿಸಿಕೊಳ್ಳದೆ, ಇಷ್ಟರ ಮೇಲೆಯೇ ಗರ್ಭವನ್ನು ತೆಗೆಸಿಕೊಂಡ ಸಂಗತಿಗಳು ತನ್ನ ಗಮನಕ್ಕೆ ಬಂದಿವೆ, ಎಂದು. ಆ ಗರ್ಭಗಳಲ್ಲಿ ಎಷ್ಟು ಆರೋಗ್ಯವಾಗಿದ್ದವೋ, ಲೆಕ್ಕವಿಡುವವರು ಯಾರು?

ಮುಂದಿನ ಹೆಜ್ಜೆ

ಹಾಗಾದರೆ ಆ ಮನೆಯವರು ಮಾಡತಕ್ಕದ್ದೇನು? ಮೊದಲನೆಯದಾಗಿ, ಆ ರಾತ್ರಿ ಯಾವ ನಿರ್ಧಾರವನ್ನೂ ಮಾಡಬಾರದು. ಅನುವಂಶಿಕ ರೋಗಗಳನ್ನು ಬಲ್ಲ ವೈದ್ಯರನ್ನು ಗಂಡಹೆಂಡಿರಿಬ್ಬರೂ ಕಾಣಬೇಕು. ಸ್ಕ್ಯಾನಿನಲ್ಲಿ ಶಿಶುವಿನ ಅಂಗಾಂಗಗಳನ್ನು ಎಚ್ಚರದಿಂದ ನೋಡಿಸಬೇಕು. ಬಳಿಕ ಹದಿನೈದು ಹದಿನಾರನೆಯ ವಾರದಲ್ಲಿ ಗರ್ಭಜಲವನ್ನು ತೆಗೆಸಬೇಕು. ಮಾಸಿನ ಚೂರನ್ನು ಬೇಗ ತೆಗೆಯಬಹುದಾದರೂ, ಮಾಸೇ ದಾರಿ ತಪ್ಪಿಸಿರಬಹುದೆಂಬ ಶಂಕೆಯಿರುವಲ್ಲಿ ಗರ್ಭಜಲವೇ ಮೇಲು. ಅದರಲ್ಲಿರುವುದು ಶಿಶುವಿನ ಕಡೆಯ ಕೋಶಗಳು.

ಒಂದು ತುಣುಕನ್ನೇ ಗುರಿಯಾಗಿಟ್ಟು ನೋಡುವ ಪರೀಕ್ಷೆಗೆ ಕೆಲವೇ ದಿನ ಸಾಕು. ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಕಿರಿದಾದ ಕೊರತೆಗಳನ್ನು ತೋರಿಸುವ 'ಮೈಕ್ರೊಅರೇ' ಎಂಬ ವಿಧಾನವೂ ಇದೆ. 2012ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ, ಸ್ಕ್ಯಾನಿನಲ್ಲಿ ಅಂಗದೋಷ ಕಂಡು, ವರ್ಣತಂತುಗಳ ಎಣಿಕೆ ಮಾತ್ರ ಸರಿಯಾಗಿದ್ದ ಶಿಶುಗಳಲ್ಲಿ, ಈ ವಿಧಾನದಿಂದ ನೂರಕ್ಕೆ ಸುಮಾರು ಆರರಲ್ಲಿ ಮುಖ್ಯವಾದ ದೋಷ ಪತ್ತೆಯಾಯಿತೆಂದು ತಿಳಿಸಿತು. ಆದರೆ ಇಲ್ಲಿಯೂ 'ವ್ಯತ್ಯಾಸವಿದೆ, ಅರ್ಥ ತಿಳಿಯದು' ಎಂಬ ಉತ್ತರ ಬರುವುದುಂಟು. ಆಗ ತಂದೆತಾಯಿಗಳ ರಕ್ತವನ್ನು ಪರೀಕ್ಷಿಸುತ್ತಾರೆ. ಅದೇ ವ್ಯತ್ಯಾಸ ಆರೋಗ್ಯವಂತನಾದ ತಂದೆಯಲ್ಲಿಯೂ ಇದ್ದರೆ ಭಯ ಬಹುಮಟ್ಟಿಗೆ ತಗ್ಗುತ್ತದೆ.

ವಿರುದ್ಧ ದಿಕ್ಕಿನ ತಪ್ಪೂ ಒಂದುಂಟು. ಎಲ್ಲ ಸಾಲುಗಳಲ್ಲಿಯೂ 'ಅಪಾಯ ಕಡಿಮೆ' ಎಂದು ಬಂದ ಮಾತ್ರಕ್ಕೆ ಮಗುವಿನಲ್ಲಿ ಯಾವ ದೋಷವೂ ಇಲ್ಲವೆಂದು ಅರ್ಥವಲ್ಲ. ಹುಟ್ಟುದೋಷಗಳಲ್ಲಿ ಬಹುಪಾಲು ವರ್ಣತಂತುವಿಗೆ ಸಂಬಂಧಿಸಿದವಲ್ಲ. ಹದಿನೆಂಟರಿಂದ ಇಪ್ಪತ್ತನೆಯ ವಾರದ ಸ್ಕ್ಯಾನನ್ನು ಬಿಡಬಾರದು.

ಕಾನೂನಿನ ಮಾತು

ಭಾರತದಲ್ಲಿ ಗರ್ಭಜಲ ಪರೀಕ್ಷೆಗೆ ಒಂದು ಕಳಂಕದ ಚರಿತ್ರೆಯಿದೆ. 1970ರ ದಶಕದಲ್ಲಿ ರೋಗವನ್ನು ಹುಡುಕಲು ಬಂದ ವಿದ್ಯೆ, ಹೆಣ್ಣುಶಿಶುವನ್ನು ಹುಡುಕಿ ತೆಗೆಸುವ ದಂಧೆಯಾಗಿ ಬೆಳೆಯಿತು. ಆದುದರಿಂದ 1994ರಲ್ಲಿ ಕಾಯಿದೆ ಬಂದಿತು. 2003ರಲ್ಲಿ ಅದನ್ನು ಬಿಗಿಗೊಳಿಸಿದರು. ಅದರ ಪ್ರಕಾರ ಶಿಶು ಹೆಣ್ಣೋ ಗಂಡೋ ಎಂಬುದನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸುವುದು ಅಪರಾಧ. ವರ್ಣತಂತುವಿನ ದೋಷವನ್ನು ಕಂಡುಹಿಡಿಯುವುದು ಮಾತ್ರ ಆ ಕಾಯಿದೆ ಒಪ್ಪಿದ ಉದ್ದೇಶಗಳಲ್ಲಿ ಒಂದು. ಪರೀಕ್ಷೆಯ ಪರಿಣಾಮಗಳನ್ನು ಬಸುರಿಗೆ ವಿವರಿಸಿ, ಆಕೆಗೆ ತಿಳಿಯುವ ಭಾಷೆಯಲ್ಲಿ ಆಕೆಯ ಲಿಖಿತ ಒಪ್ಪಿಗೆಯನ್ನು ಪಡೆಯಬೇಕೆಂದು ಅದು ವಿಧಿಸುತ್ತದೆ. ಕನ್ನಡ ಬಲ್ಲವಳಿಗೆ ಕನ್ನಡದಲ್ಲಿ ವಿವರಿಸುವುದು ಉಪಕಾರವಲ್ಲ, ಕರ್ತವ್ಯ.

ಗರ್ಭಪಾತದ ಕಾಯಿದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ, ಶಿಶುವಿನಲ್ಲಿ ಗಂಭೀರವಾದ ದೋಷವಿದ್ದರೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಇಪ್ಪತ್ತನಾಲ್ಕು ವಾರಗಳವರೆಗೆ ಅವಕಾಶವುಂಟು. ಅದನ್ನು ಮೀರಿದ ಪ್ರಸಂಗಗಳನ್ನು ವೈದ್ಯಕೀಯ ಮಂಡಲಿ ಪರಿಶೀಲಿಸುತ್ತದೆ. ಹದಿನಾರನೆಯ ವಾರದಲ್ಲಿ ನೀರು ತೆಗೆಸಿದರೆ ಹದಿನೆಂಟರ ಸುಮಾರಿಗೆ ಉತ್ತರ ಬರುತ್ತದೆ. ಹನ್ನೆರಡನೆಯ ವಾರದಲ್ಲಿ ಗಾಬರಿಯಿಂದ ಓಡಬೇಕಾದ ಅಗತ್ಯವನ್ನು ಕಾನೂನೇನೂ ಒಡ್ಡಿಲ್ಲ.

ಒರೆಗಲ್ಲೂ ಶಂಕೆಯನ್ನು ದೃಢಪಡಿಸಿದರೆ? ಆಗ ಮುಂದಿನ ದಾರಿಯನ್ನು ಆರಿಸಬೇಕಾದವರು ಆ ದಂಪತಿಗಳು; ಅದರಲ್ಲಿಯೂ ಮುಖ್ಯವಾಗಿ ಆ ಹೆಂಗಸು. ಕೆಲವರು ಬಸಿರನ್ನು ಮುಂದುವರಿಸಲಾರರು, ಕೆಲವರು ಮುಂದುವರಿಸುವರು. ಮುಂದುವರಿಸುವವರಿಗೂ ಮೊದಲೇ ತಿಳಿದಿರುವುದು ವ್ಯರ್ಥವಲ್ಲ. ಇಪ್ಪತ್ತೆರಡನೆಯ ವರ್ಣತಂತುವಿನ ತುಣುಕು ಇಲ್ಲದ ಶಿಶುವಿಗೆ ಹೃದಯದ ದೋಷವಿರುವುದುಂಟು; ಹುಟ್ಟಿದ ಕೆಲವೇ ದಿನಗಳಲ್ಲಿ ರಕ್ತದ ಕ್ಯಾಲ್ಸಿಯಂ ಇಳಿದು ಸೆಳವು ಬರುವುದುಂಟು. ಮುಂಚಿತವಾಗಿ ಗೊತ್ತಿದ್ದರೆ ತಕ್ಕ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿ ಅಂದೇ ಚಿಕಿತ್ಸೆ ಆರಂಭಿಸಬಹುದು. ಬೆಕ್ಕಿನ ಕೂಗಿನ ದೋಷವಿರುವ ಮಕ್ಕಳಲ್ಲಿಯೂ ಎಳವೆಯಿಂದ ಶಿಕ್ಷಣ ದೊರೆತ ಅನೇಕರು ನಡೆಯಲು ಕಲಿಯುತ್ತಾರೆ, ತಮ್ಮ ಬೇಕುಬೇಡಗಳನ್ನು ತಿಳಿಸಲು ಕಲಿಯುತ್ತಾರೆ.

ಆದರೆ ಅದೆಲ್ಲ ಮುಂದಿನ ಮಾತು. ಇಂದು ಆ ಮನೆಗೆ ಬಂದಿರುವುದು ಜರಡಿಯ ಮೇಲೆ ಉಳಿದ ಒಂದು ಕಾಳಿನ ಸುದ್ದಿ ಮಾತ್ರ. ಅದು ಕಲ್ಲೋ ಅಕ್ಕಿಯೋ ಎಂದು ತಿಳಿಯಲು ಇನ್ನು ಆರು ವಾರ ಹಿಡಿಯುತ್ತದೆ. ಕಾಯುವುದು ಕಷ್ಟ, ಬಸುರಿಗೆ ಇನ್ನೂ ಕಷ್ಟ. ಆ ಆರು ವಾರಗಳಲ್ಲಿ ಆಕೆಯ ತಲೆಯ ಮೇಲೆ ಅಪವಾದ ಹೊರಿಸದೆ, ಆಕೆ ಹೊತ್ತಿರುವುದನ್ನು ಮಗುವೆಂದೇ ಭಾವಿಸಿ, ಹೊತ್ತುಹೊತ್ತಿಗೆ ಆಕೆಗೆ ಊಟವಿಕ್ಕುವುದು ಮನೆಯವರ ಕೆಲಸ. ಇಪ್ಪತ್ತೊಂದು ಮನೆಗಳಲ್ಲಿ ಇಪ್ಪತ್ತಕ್ಕೆ ಒಳ್ಳೆಯ ಸುದ್ದಿಯೇ ಬರುತ್ತದೆಂಬುದನ್ನು ಗಂಡನಾದವನು ಅತ್ತೆಗೂ ತಿಳಿಯುವಂತೆ ಹೇಳಲಿ. ಆಕೆ ಮಡಿಲಲ್ಲಿಟ್ಟ ಹೂವನ್ನು ಮತ್ತೆ ಕಟ್ಟತೊಡಗಿದರೂ ತೊಡಗಬಹುದು.